ಮುಖಪುಟದ ಮೇಲಿನ ಕೌಂಟೆಸ್ ಯಾರು?

ಪೋಲೆಂಡ್ ಮೂಲದ ಪಿಯಾನೊ ಸಂಗೀತಗಾರ ಶೋಪ್ಯಾನ್‌ನ ‘ಮಿನಿಟ್ ವಾಲ್ಟ್ಜ್’ (ವಾಲ್ಟ್ಜ್ ಎಂದರೆ ಮೂರು ತಾಳದ ನೃತ್ಯಲಯದ ಕೃತಿ) ಕಲಿಯಲು ಕೂತವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದೇ ನಿಮಿಷದಲ್ಲಿ ಮುಗಿಸಬೇಕೇ? ಸ್ವರಲಿಪಿ ಪುಸ್ತಕದ ಮೇಲೆ ಹೆಸರಿರುವ ಕೌಂಟೆಸ್, ಅಂದರೆ ಕುಲೀನ ಮನೆತನದ ಹೆಂಗಸು, ಅವನ ಪ್ರೇಯಸಿಯೇ? ಮೊದಲನೆಯದಕ್ಕೆ ಉತ್ತರ ಸುಲಭ: ಬೇಡ. ಆ ಹೆಸರನ್ನು ಅವನು ಇಟ್ಟದ್ದೂ ಅಲ್ಲ, ಎರಡು ನಿಮಿಷದ ಹತ್ತಿರ ಹೋದರೆ ತಪ್ಪೂ ಅಲ್ಲ. ಎರಡನೆಯದಕ್ಕೆ ಒಂದಿಷ್ಟು ಹಿನ್ನೆಲೆ ಬೇಕು.

ಓಪಸ್ (ಕೃತಿಸಂಖ್ಯೆ) 64 ಆಗಿ 1847ರಲ್ಲಿ ಅಚ್ಚಾದದ್ದು ಮೂರು ವಾಲ್ಟ್ಜ್‌ಗಳು, ಮೂವರಿಗೆ ಅರ್ಪಣೆ. ಮಿನಿಟ್ ವಾಲ್ಟ್ಜ್ ಕೌಂಟೆಸ್ ಡೆಲ್ಫಿನಾ ಪೊಟೊಟ್ಸ್ಕಾಗೆ, ಎರಡನೆಯದು ಬ್ಯಾರನೆಸ್ ಶಾರ್ಲೊಟ್ ರಾತ್‌ಶೀಲ್ಡ್‌ಗೆ, ಮೂರನೆಯದು ಕೌಂಟೆಸ್ ಕತಝೀನಾ ಬ್ರಾನಿಟ್ಸ್ಕಾಗೆ. ಒಂದೇ ಸಂಪುಟದಲ್ಲಿ ಮೂವರು ಪ್ರೇಯಸಿಯರೆಂದರೆ ಯಾರೂ ನಂಬಲಾರರು.

ಅವನ ಜೀವನೋಪಾಯ ನೋಡಿ. ತುಂಬಿದ ಸಭೆಯಲ್ಲಿ ನುಡಿಸುವುದೆಂದರೆ ಅವನಿಗೆ ಹಿಂಸೆ. ಇಡೀ ಜೀವಮಾನದಲ್ಲಿ ಕೊಟ್ಟ ಸಾರ್ವಜನಿಕ ಕಛೇರಿಗಳು ಸುಮಾರು 30. ಪ್ಯಾರಿಸ್‌ನಲ್ಲಿ ಹೊಟ್ಟೆ ಹೊರೆದದ್ದು ಪಾಠ. ತನ್ನ ಮನೆಯಲ್ಲಾದರೆ ಪಾಠಕ್ಕೆ 20 ಫ್ರಾಂಕ್, ಶಿಷ್ಯರೇ ಕರೆಸಿಕೊಂಡರೆ 30. ಅಷ್ಟು ಕೊಡಬಲ್ಲವರು ಶ್ರೀಮಂತ ಮನೆತನದವರು, ಹೆಚ್ಚಾಗಿ ಹೆಂಗಸರು. ಪೊಟೊಟ್ಸ್ಕಾ, ರಾತ್‌ಶೀಲ್ಡ್ ಇಬ್ಬರೂ ಅವನಲ್ಲಿ ಕಲಿತವರು. ಮುಖಪುಟದ ಹೆಸರು ಶಿಷ್ಯೆಗೆ ಸಲ್ಲಿಸಿದ ಮರ್ಯಾದೆ. ಆ ಮನೆಯ ಬಾಗಿಲು ತೆರೆದೇ ಇರಲೆಂಬ ಜಾಣತನವೂ ಹೌದು. ಅದರಲ್ಲಿ ಕೀಳೇನೂ ಇಲ್ಲ. 20ನೇ ಶತಮಾನದಲ್ಲೂ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು (ವಾದ್ಯವೃಂದದೊಡನೆ ಪಿಯಾನೊ ನುಡಿಸುವ ಕೃತಿ) ಮೈಸೂರಿನ ಜಯಚಾಮರಾಜ ಒಡೆಯರ್ ಅವರಿಗೆ ಅರ್ಪಿಸಿದ. ಅವನ ಧ್ವನಿಮುದ್ರಣಗಳ ಖರ್ಚು ಹೊತ್ತವರು ಅವರೇ.

ಹಾಗಾದರೆ ಪ್ರೇಮಕಥೆ ಎಲ್ಲಿಂದ ಬಂತು? 1945ರಲ್ಲಿ ಪಾವ್ಲಿನಾ ಚೆರ್ನಿಟ್ಸ್ಕಾ ಎಂಬಾಕೆ ಪೋಲೆಂಡ್‌ನಲ್ಲಿ, ಡೆಲ್ಫಿನಾಗೆ ಶೋಪ್ಯಾನ್ ಬರೆದ ಶೃಂಗಾರ ಪತ್ರಗಳೆಂದು ಕೆಲವನ್ನು ಮುಂದೆ ತಂದಳು. ಮೂಲಪತ್ರಗಳು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಬಹುಪಾಲು ವಿದ್ವಾಂಸರು ಅವನ್ನು ನಕಲಿ ಎಂದೇ ತಳ್ಳಿಹಾಕಿದ್ದಾರೆ.

ಪ್ರೇಮವೇ ಬೇಕೆನ್ನುವವರು ಎ-ಫ್ಲಾಟ್ ವಾಲ್ಟ್ಜ್, ಓಪಸ್ 69ರ ಮೊದಲನೆಯದನ್ನು ನೋಡಬೇಕು. 1835ರ ಸೆಪ್ಟೆಂಬರ್‌ನಲ್ಲಿ ಡ್ರೆಸ್ಡೆನ್‌ನಿಂದ ಹೊರಡುವಾಗ ಮರಿಯಾ ವೊಜಿನ್‌ಸ್ಕಾಗೆ ಅದರ ಹಸ್ತಪ್ರತಿ ಕೊಟ್ಟ. ಮರುವರ್ಷ ಮದುವೆಯ ಮಾತಾಯಿತು, ಆಮೇಲೆ ಮುರಿದುಬಿತ್ತು. ತಾನು ಬದುಕಿರುವತನಕ ಅದನ್ನು ಅಚ್ಚಿಗೆ ಕೊಡಲಿಲ್ಲ, ಹೊರಬಂದದ್ದು 1855ರಲ್ಲಿ. ಕಣ್ಣೊರೆಸಿಕೊಳ್ಳುವ ಮುನ್ನ ಇದನ್ನೂ ಕೇಳಿ: ಅದೇ ವಾಲ್ಟ್ಜ್‌ನ ಇನ್ನೊಂದು ಪ್ರತಿಯನ್ನು 1842ರಲ್ಲಿ ಶಾರ್ಲೊಟ್ ರಾತ್‌ಶೀಲ್ಡ್‌ಗೂ ಬರೆದುಕೊಟ್ಟಿದ್ದ!

ಶ್ರೀಮಂತ ಶಿಷ್ಯರ ಈ ಆಶ್ರಯ ಎಷ್ಟು ಗಟ್ಟಿ ಎಂಬುದು ಬೇಗನೆ ಗೊತ್ತಾಯಿತು. 1848ರ ಫೆಬ್ರವರಿ 16ರಂದು ಪ್ಯಾರಿಸ್‌ನಲ್ಲಿ ಅವನ ಕೊನೆಯ ಕಛೇರಿ. ವಾರ ಕಳೆಯುವುದರೊಳಗೆ ಕ್ರಾಂತಿ. ಶ್ರೀಮಂತರು ಊರು ಬಿಟ್ಟರು, ಪಾಠಗಳು ನಿಂತವು. ಏಪ್ರಿಲ್‌ನಲ್ಲಿ ಕಾಯಿಲೆಯ ಮೈ ಹೊತ್ತು ಲಂಡನ್‌ಗೆ ಹೊರಟ. ಆದರೆ ಡೆಲ್ಫಿನಾ ಅವನನ್ನು ಮರೆಯಲಿಲ್ಲ. 1849ರ ಅಕ್ಟೋಬರ್‌ನಲ್ಲಿ ಅವನ ಕೊನೆಯ ದಿನಗಳಲ್ಲಿ ಬಂದು, ಅವನ ಕೋರಿಕೆಯಂತೆ ಹಾಡಿದಳು.

ಹೌದು, ಆಕೆ ಗಾಯಕಿ. ನುಡಿಸುವವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಹಿನ್ನೆಲೆ ಇದೇ. ಮಿನಿಟ್ ವಾಲ್ಟ್ಜ್‌ನ ಮೊದಲ ಮತ್ತು ಕೊನೆಯ ಭಾಗಗಳಲ್ಲಿ ಬೆರಳುಗಳು ಓಡಲಿ. ನಡುವೆ ‘ಸೊಸ್ತೆನೂತೊ’ (ಸ್ವರವನ್ನು ಹಿಡಿದು ನುಡಿಸಿ) ಎಂದು ಬರೆದಲ್ಲಿ ಬಲಗೈಯ ದೀರ್ಘ ಸ್ವರಗಳನ್ನು ಗಾಯಕಿ ಉಸಿರು ತೆಗೆದುಕೊಳ್ಳುವಷ್ಟು ಬಿಡುವಿನಲ್ಲಿ ಹಿಡಿಯಿರಿ. ಅದೇ ರಾಗ ಮರಳುವಾಗ ಸೇರುವ ಪುಟ್ಟ ಅಲಂಕಾರ ಸ್ವರಗಳನ್ನು (ಗ್ರೇಸ್ ನೋಟ್) ಒತ್ತಬೇಡಿ, ಸವರಿದರೆ ಸಾಕು.