ಆರೂಕಾಲಿನ ಪಲಾವ್

ಶ್ರೀರಂಗಪಟ್ಟಣದ ಕಡೆಯ ಅನುದಾನಿತ ಶಾಲೆಯೊಂದರಲ್ಲಿ ಕಳೆದ ಮಾರ್ಚ್‌ನಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಿಂದ ಊಟದ ಡಬ್ಬಿ ತರುವವರು, ಅಮ್ಮ ಅದನ್ನು ತುಂಬುವ ಹೊತ್ತಿಗೆ ಗಡಿಯಾರ ನೋಡಿ, ಗಂಟೆಯನ್ನು ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸಿಕೊಂಡು ಬರಬೇಕು. ಮರುದಿನ ಹನ್ನೊಂದು ಡಬ್ಬಿಗಳು ಬಂದವು. ಹೆಚ್ಚಿನವುಗಳ ಮೇಲೆ ಏಳೂವರೆ, ಎಂಟು ಎಂದಿತ್ತು. ಒಂದರ ಮೇಲೆ ಮಾತ್ರ ದುಂಡಗಿನ ಅಕ್ಷರದಲ್ಲಿ 6.15. ಆ ಹುಡುಗಿಯ ಅಮ್ಮ ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕು. ಊಟದ ಗಂಟೆ ಬಾರಿಸಿದ್ದು ಒಂದು ಹತ್ತಕ್ಕೆ. ನನ್ನ ಚೀಲದಲ್ಲಿ ಸದಾ ಇರುವ ಸೂಜಿ ಥರ್ಮಾಮೀಟರನ್ನು ಸ್ಪಿರಿಟ್‌ನಲ್ಲಿ ಒರೆಸಿ ಅವಳ ಪಲಾವಿನ ನಡುವಿಗೆ ಇಳಿಸಿದೆ. 34 ಡಿಗ್ರಿ.

ಪಲಾವ್ ಹಳಸಿರಲಿಲ್ಲ. ಪುದೀನ, ಲವಂಗ ಘಮ್ಮೆನ್ನುತ್ತಿದ್ದವು. ಅಗುಳು ಅಗುಳಾಗಿ ಉದುರುತ್ತಿತ್ತು. ಪಕ್ಕದಲ್ಲಿದ್ದ ಟೀಚರ್ ಮೂಸಿ ನೋಡಿ, "ಚೆನ್ನಾಗಿಯೇ ಇದೆ ಮೇಡಂ" ಎಂದು ತೀರ್ಪು ಕೊಟ್ಟರು. ಇಪ್ಪತ್ತೆರಡು ವರ್ಷ ಆಹಾರದ ಸೂಕ್ಷ್ಮಜೀವಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಎಣಿಸಿದವಳಾದ ನನಗೆ ಮೂಗಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಅನ್ನಕ್ಕೆ ಹಳಸು ವಾಸನೆ ತರುವ ಜೀವಿಗಳೇ ಬೇರೆ, ಮಗುವಿಗೆ ವಾಂತಿ ಬರಿಸುವ ಜೀವಿಗಳೇ ಬೇರೆ. ಮೊದಲನೆಯವು ಸುಳಿವು ಕೊಟ್ಟು ಬರುತ್ತವೆ. ಎರಡನೆಯವು ಹೇಳದೆ ಕೇಳದೆ ಬಂದು ಕೂತಿರುತ್ತವೆ.

ಅನ್ನಕ್ಕೆ ಅಂಟಿಕೊಂಡು ಬರುವುದು ಬ್ಯಾಸಿಲಸ್ ಸೀರಿಯಸ್. ಹೆಸರು ಕೇಳಿ ಮಕ್ಕಳು ನಗುತ್ತಾರೆ. ಇದು ಮಣ್ಣಿನ ಜೀವಿ. ಭತ್ತದ ಜೊತೆ ಗದ್ದೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಅಕ್ಕಿ ಡ್ರಮ್ಮಿಗೆ ಬರುತ್ತದೆ. ಕಷ್ಟಕಾಲ ಬಂದರೆ ಗಟ್ಟಿ ಕವಚ ಹೊದ್ದು ಬೀಜಕವಾಗಿ ಮಲಗಿಬಿಡುತ್ತದೆ. ಅಕ್ಕಿ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ, ಅನ್ನ ಕುದ್ದರೂ ಸಾಯುವುದಿಲ್ಲ. ಬೆಂದ ಅನ್ನ 60 ಡಿಗ್ರಿಯಿಂದ ಕೆಳಗಿಳಿದು ಉಗುರುಬೆಚ್ಚಗಾದಾಗ ಅದಕ್ಕೆ ಎಚ್ಚರವಾಗುತ್ತದೆ. ನೀರಿದೆ, ಪಿಷ್ಟವಿದೆ, ಬೇಕಾದ ಬಿಸಿಯಿದೆ. ಕುದಿಯಲ್ಲಿ ಎದುರಾಳಿಗಳೆಲ್ಲ ಸತ್ತಿದ್ದಾರೆ. ಅದು ಬೆಳೆಯುತ್ತಾ ಅನ್ನದೊಳಗೆ ಒಂದು ವಿಷ ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಈ ವಿಷಕ್ಕೆ ಬಿಸಿಯ ಭಯವಿಲ್ಲ. ಜೀವಿ ಸತ್ತರೂ ಅದು ಬಿಟ್ಟ ವಿಷ ಉಳಿಯುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಚೀನೀ ಹೋಟೆಲುಗಳಲ್ಲಿ ಹೊರಗೇ ಇಟ್ಟಿದ್ದ ಅನ್ನವನ್ನು ಎಣ್ಣೆಯಲ್ಲಿ ಹುರಿದು ಕೊಟ್ಟಾಗ ಗಿರಾಕಿಗಳು ಕಾಯಿಲೆ ಬಿದ್ದದ್ದು ಇದರಿಂದಲೇ. ರಾತ್ರಿ ಮಿಕ್ಕು ಒಲೆಕಟ್ಟೆಯ ಮೇಲೇ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವ ನಮ್ಮ ಪದ್ಧತಿಗೂ ಅದಕ್ಕೂ ಹೆಚ್ಚು ಅಂತರವಿಲ್ಲ. ಮಿಕ್ಕ ಅನ್ನ ಬೇಕೆಂದರೆ ಬಿಸಿ ಆರಿದ ಕೂಡಲೇ ಫ್ರಿಜ್ ಸೇರಬೇಕು. ಇರುಳೆಲ್ಲ ಹೊರಗಿದ್ದದ್ದನ್ನು "ಚೆನ್ನಾಗಿ ಬಿಸಿ ಮಾಡಿದ್ದೇನೆ" ಎಂದು ಸಮರ್ಥಿಸಿಕೊಳ್ಳುವಂತಿಲ್ಲ.

ಆ ಹುಡುಗಿಯನ್ನು ಅಂದು ಬಿಸಿಯೂಟದ ಸಾಲಿಗೆ ಕಳಿಸಿದೆ. ಅವಳು ಮುಖ ಊದಿಸಿಕೊಂಡಳು. ಸಂಜೆ ಅವಳ ಅಮ್ಮನ ಫೋನು ಬಂತು. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. "ನಾಲ್ಕೂವರೆಗೆ ಎದ್ದು ಮಾಡಿದ್ದೆ ಮೇಡಂ. ಆರೂಕಾಲಿಗೇ ಕಟ್ಟಬೇಕು, ಬೇರೆ ದಾರಿಯಿಲ್ಲ. ಏನು ಕಟ್ಟಲಿ, ನೀವೇ ಹೇಳಿ."

ನಮ್ಮ ಪುಸ್ತಕಗಳು ಈ ಪ್ರಶ್ನೆಯ ಹತ್ತಿರ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳ ಭಿತ್ತಿಪತ್ರ ಹೊರತಂದಿತು: ಸ್ವಚ್ಛತೆ, ಹಸಿ ಬೆಂದದ್ದರ ಬೇರ್ಪಡಿಕೆ, ಪೂರ್ತಿ ಬೇಯಿಸುವುದು, ಸರಿಯಾದ ಬಿಸಿ ಅಥವಾ ತಂಪು, ಶುದ್ಧ ನೀರು. ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ ಎಂಬುದು ನಾಲ್ಕನೆಯದರಲ್ಲಿ ಬರುತ್ತದೆ. ಸರಿಯಾದ ಮಾತೇ. ಆದರೆ ಎಂಟಕ್ಕೆ ತುಂಬಿದ ಡಬ್ಬಿಯೂ ಒಂದು ಗಂಟೆಗೆ ಐದು ತಾಸು ದಾಟಿರುತ್ತದೆ. ಡಬ್ಬಿ ಊಟ ಎಂದ ಮೇಲೆ ಎರಡು ಗಂಟೆಯ ನಿಯಮ ಮುರಿದಂತೆಯೇ. ಹಾಗಾಗಿ ಹೊತ್ತನ್ನು ಬದಲಿಸಲಾಗದವರು ಒಳಗಿರುವುದನ್ನು ಬದಲಿಸಬೇಕು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು. ಒದ್ದೆಯಾದದ್ದು ಬೇಡ, ಒಣಗಿದ್ದು ಇರಲಿ. ಚಪಾತಿ, ಜೊತೆಗೆ ಚಟ್ನಿಪುಡಿ ಮತ್ತು ಎಣ್ಣೆ, ಹುರಿದ ಕಡಲೆಬೀಜ, ಸಿಪ್ಪೆ ಸುಲಿಯದ ಬಾಳೆಹಣ್ಣು. ಕಾಯಿಚಟ್ನಿ ಬೇಡವೇ ಬೇಡ. ಹಸಿ ತೆಂಗಿನಕಾಯಿ, ಹಸಿ ನೀರು, ಮಿಕ್ಸಿಯ ಬ್ಲೇಡಿನ ಕೆಳಗೆ ತೊಳೆಯದೆ ಉಳಿದದ್ದು, ಎಲ್ಲ ಸೇರಿ ಅದು ಬೇಗ ಕೆಡುವ ಪದಾರ್ಥ. ಅದೇ ಕೊಬ್ಬರಿ ಒಣಗಿ, ಬೇಳೆ ಹುರಿದು ಪುಡಿಯಾದರೆ ಜೀವಿಗಳಿಗೆ ಕುಡಿಯಲು ನೀರು ಸಿಗುವುದಿಲ್ಲ. ಅನ್ನವೇ ಬೇಕೆಂದರೆ ಹುಳಿಯನ್ನು ಧಾರಾಳವಾಗಿ ಬಳಸಿ. ಪುಳಿಯೋಗರೆಯನ್ನು ಪ್ರಯಾಣಕ್ಕೆ ಕಟ್ಟುವ ರೂಢಿ ಹಾಗೆಯೇ ಬಂದದ್ದಲ್ಲ. ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಕಾವಲು ಕಾಯುತ್ತವೆ. ತಂಗಳನ್ನಕ್ಕೆ ಮಜ್ಜಿಗೆ ಸುರಿದಿಡುತ್ತಿದ್ದ ನಮ್ಮ ಅಜ್ಜಿಯರೂ ಹುಳಿಯನ್ನೇ ನಂಬಿದವರು.

ಮೊಸರನ್ನದ ವಿಷಯದಲ್ಲಿ ಮೈಸೂರಿನ ತಾಯಂದಿರ ಜೊತೆ ನನಗೆ ಹಳೆಯ ಜಗಳವಿದೆ. ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಬಾರದೆಂದು ಬಿಸಿ ಅನ್ನಕ್ಕೆ ಹಾಲು ಸುರಿದು, ಒಂದು ಚಮಚ ಮೊಸರು ಹಾಕಿ ಕಲಸುತ್ತಾರೆ. ಆ ಮೊಸರು ಹುಳಿ ಬಿಡುವವರೆಗೆ ಕೆಲವು ಗಂಟೆ ಅದು ಬರೀ ಬೆಚ್ಚನೆಯ ಹಾಲನ್ನ. ಆರಿದ ಅನ್ನಕ್ಕೆ ಗಟ್ಟಿ ಮೊಸರನ್ನೇ ಹಾಕಿ. ಮಗು ಹುಳಿ ಎಂದರೆ ದಾಳಿಂಬೆ ಉದುರಿಸಿ. ರಾತ್ರಿಯೇ ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿಸಿದ ಚಿಕ್ಕ ನೀರಿನ ಬಾಟಲಿಯನ್ನು ಡಬ್ಬಿಗೆ ತಾಗಿಸಿಡಿ. ಮಧ್ಯಾಹ್ನ ಕುಡಿಯಲು ತಣ್ಣೀರೂ ಆಯಿತು.

ಬಿಸಿ ಅನ್ನವನ್ನು ಹಬೆಯಾಡುವಾಗಲೇ ಸ್ಟೀಲ್ ಡಬ್ಬಿಗೆ ಒತ್ತಿ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದೆ, ಒಳಗೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ನನ್ನ ಪ್ರಯೋಗಾಲಯದಲ್ಲಿ ಜೀವಿಗಳನ್ನು ಬೆಳೆಸುವ ಪೆಟ್ಟಿಗೆಯೂ ಮಾಡುವುದು ಇದನ್ನೇ. ಅಗಲವಾದ ತಟ್ಟೆಯಲ್ಲಿ ಹರಡಿ, ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಆರಿಸಿ ತುಂಬಿ. ಇಲ್ಲವೇ ಒಳ್ಳೆಯ ಸ್ಟೀಲ್ ಫ್ಲಾಸ್ಕಿಗೆ ಹತ್ತು ನಿಮಿಷ ಕುದಿಯುವ ನೀರು ತುಂಬಿಟ್ಟು, ಚೆಲ್ಲಿ, ಸುಡುಸುಡುವ ಊಟ ಹಾಕಿ. ಅಗ್ಗದ ಪ್ಲಾಸ್ಟಿಕ್ ಹಾಟ್‌ಬಾಕ್ಸುಗಳನ್ನು ನಾನು ಅಳೆದು ನೋಡಿದ್ದೇನೆ. ಊಟದ ಹೊತ್ತಿಗೆ ಐವತ್ತರ ಕೆಳಗೆ ಇಳಿದಿದ್ದವು. ಹೆಸರಷ್ಟೇ ಬಿಸಿ.

ಅದೇ ದಿನ ಶಾಲೆಯ ಸಾರಿನ ಪಾತ್ರೆಗೂ ಥರ್ಮಾಮೀಟರ್ ಇಳಿಸಿದ್ದೆ: 72. ಬೆಳಿಗ್ಗೆ ಹತ್ತರ ನಂತರ ಒಲೆಯ ಮೇಲಿಟ್ಟ ಬೇಳೆ, ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿದ ಊಟ. ಗಡಿಯಾರದ ಲೆಕ್ಕದಲ್ಲಿ ಬಿಸಿಯೂಟ ಮನೆಯ ಡಬ್ಬಿಗಿಂತ ಸುರಕ್ಷಿತ. ಹೀಗೆಂದರೆ ತಂದೆತಾಯಂದಿರಿಗೆ ಬೇಸರವಾಗುತ್ತದೆ. ಮನೆಯದು ಎಂಬ ಪ್ರೀತಿ ಇರಲಿ, ಆದರೆ ಜೀವಿಗಳಿಗೆ ಮನೆ, ಶಾಲೆ ಎಂಬ ಭೇದವಿಲ್ಲ.

ಅನ್ನದ ಜೀವಿ ಗದ್ದೆಯಿಂದ ಬಂದರೆ ಇನ್ನೊಂದು ನಮ್ಮ ಮೂಗು, ಕೈಗಾಯ, ಉಗುರಿನಿಂದಲೇ ಬರುತ್ತದೆ. ಅದು ಸ್ಟೆಫೈಲೊಕಾಕಸ್, ಅದರ ವಿಷವೂ ಬಿಸಿಗೆ ಜಗ್ಗುವುದಿಲ್ಲ. ಕೈ ತೊಳೆಯಿರಿ ಎಂದು ಮಕ್ಕಳಿಗೆ ಭಾಷಣ ಮಾಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಂಗೈಗೆ ಒಂದು ಹನಿ ಕೊಬ್ಬರಿ ಎಣ್ಣೆ, ಒಂದು ಚಿಟಿಕೆ ಅರಿಶಿನ ಹಾಕಿ ಉಜ್ಜಿಸುತ್ತೇನೆ. ಮೊದಲು ಬರೀ ನೀರು. ಎಷ್ಟು ತೊಳೆದರೂ ಹಳದಿ ಹೋಗುವುದಿಲ್ಲ. ಆಮೇಲೆ ಸೋಪು. ಸೋಪು ತಾಗಿದ ಕಡೆ ಅರಿಶಿನ ಕೆಂಪಾಗುತ್ತದೆ. "ಆರತಿ ನೀರು!" ಎಂದು ಯಾರಾದರೊಬ್ಬರು ಕೂಗಿಯೇ ಕೂಗುತ್ತಾರೆ, ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡುವುದನ್ನು ಮನೆಯಲ್ಲಿ ನೋಡಿದ್ದಾರೆ, ಎರಡೂ ಕ್ಷಾರದ ಕೆಲಸವೇ. ಕೈ ತೊಳೆದಾಯಿತು ಎಂದವರ ಹೆಬ್ಬೆರಳಿನ ಹಿಂಬದಿಯಲ್ಲಿ, ಉಗುರಿನ ಸಂದಿಯಲ್ಲಿ ಮಾತ್ರ ಹಳದಿ ಹಾಗೇ ಉಳಿದಿರುತ್ತದೆ. ಸೋಪು ಅಲ್ಲಿಗೆ ಹೋಗಿಯೇ ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬಿಳಿ ಸಮವಸ್ತ್ರದ ದಿನ ಇದನ್ನು ಮಾಡಿಸಬೇಡಿ. ನಾನು ಬೈಸಿಕೊಂಡಿದ್ದೇನೆ.

ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಓದುವ ಸಾಮಗ್ರಿ ಯಾವುದು ಎಂದು ಶಿಕ್ಷಕರು ಕೇಳುತ್ತಾರೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಕ್ಕಳಿಗೆಂದು ಹಳದಿ ಪುಸ್ತಕ, ಮನೆಗೆಂದು ಗುಲಾಬಿ ಪುಸ್ತಕ ಮಾಡಿದೆ. ಎರಡೂ ಚೆನ್ನಾಗಿವೆ. ಕಲಬೆರಕೆ ಪತ್ತೆಗೆ ಅದರದೇ 'ಡಾರ್ಟ್' ಕೈಪಿಡಿಯಿದೆ. ಓರೆಯಾಗಿ ಹಿಡಿದ ತಟ್ಟೆಯ ಮೇಲೆ ಒಂದು ಹನಿ ಹಾಲು ಬಿಟ್ಟರೆ, ಶುದ್ಧ ಹಾಲು ಬಿಳಿ ಗೆರೆ ಎಳೆಯುತ್ತಾ ನಿಧಾನಕ್ಕೆ ಇಳಿಯುತ್ತದೆ, ನೀರು ಬೆರೆತದ್ದು ಗುರುತು ಬಿಡದೆ ಓಡುತ್ತದೆ. ಮಕ್ಕಳು ಇದನ್ನು ಹತ್ತು ಸಲ ಮಾಡುತ್ತಾರೆ. ಆದರೆ ಕಲಬೆರಕೆಯ ಭಯ ನಮ್ಮಲ್ಲಿ ಅಗತ್ಯಕ್ಕಿಂತ ಜಾಸ್ತಿಯೇ ಇದೆ. ಗಡಿಯಾರದ ಭಯ ಸ್ವಲ್ಪವೂ ಇಲ್ಲ.

1950ರಿಂದ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ಇಟ್ಟುಕೊಂಡಿರುವ ಊರು ನಮ್ಮ ಮೈಸೂರು. ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿ, ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ, ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ನನ್ನ ಮುಂದೆ ಒಂದು ಹಿಡಿ ಅಕ್ಕಿಕಾಳು ಸುರಿದರು. ರೇಷನ್ ಅಕ್ಕಿಯಿಂದ ಒಂದೊಂದಾಗಿ ಆರಿಸಿದ್ದು. "ಪ್ಲಾಸ್ಟಿಕ್ ಕಣವ್ವ, ನೀರಿಗೆ ಹಾಕಿದರೆ ತೇಲುತ್ತದೆ." ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಶ್ಯಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಕಾಳಿನ ಆಕಾರಕ್ಕೆ ಒತ್ತುತ್ತಾರೆ. ನೂರು ಕೆಜಿ ಅಕ್ಕಿಗೆ ಒಂದು ಕೆಜಿಯಂತೆ ಬೆರೆಸಿದ್ದರು. ಅಜ್ಜಿ ತಿಂಗಳುಗಟ್ಟಲೆ ಕೂತು, ಕನ್ನಡಕ ಏರಿಸಿಕೊಂಡು, ಮೊಮ್ಮಗಳ ಕಬ್ಬಿಣವನ್ನೇ ಆರಿಸಿ ಕೋಳಿಗೆ ಹಾಕಿದ್ದರು. ನಾನು ಎರಡು ಕಾಳು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬಂದಂತಿರಲಿಲ್ಲ.

ಪೌಷ್ಟಿಕತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಹದಿನೇಳು ಮಾರ್ಗಸೂಚಿಗಳನ್ನು ಓದಿದವರಿಗೆ ಮಂಡ್ಯದ ಹಳೆಯ ಊಟ ನೆನಪಾಗುತ್ತದೆ: ಮುದ್ದೆ, ಸೊಪ್ಪಿನ ಬಸ್ಸಾರು, ಕಾಳು ಪಲ್ಯ, ಮಜ್ಜಿಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ರಾಗಿ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತು ಪೊಟ್ಟಣವನ್ನು ಮಾತ್ರ ಹಿಂದೆ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ ಇದ್ದರೆ ರಾಗಿ ಚಿತ್ರದಲ್ಲಿ ಮಾತ್ರ ಇದೆ ಎಂದರ್ಥ.

ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರುವಂತಿಲ್ಲ ಎಂದು 2020ರ ನಿಯಮ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣವನ್ನೂ ಕಾಟನ್ ಕ್ಯಾಂಡಿಗೆ ರೊಡಮೈನ್-ಬಿ ಎಂಬ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಗೇಟಿನ ಬಳಿ ಸೀಬೆಕಾಯಿ, ನೆಲ್ಲಿಕಾಯಿ ಮಾರುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಕತ್ತರಿಸಿದ್ದು ಕೊಳ್ಳಬೇಡ, ಇಡೀ ಹಣ್ಣು ಕೊಂಡು ನಲ್ಲಿಯಲ್ಲಿ ತೊಳೆದು ಕಚ್ಚು ಎಂದು ಮಕ್ಕಳಿಗೆ ಹೇಳುತ್ತೇನೆ. ದೋಷ ಹಣ್ಣಿನದಲ್ಲ, ಚಾಕುವಿನದು ಮತ್ತು ಚಿಮುಕಿಸುವ ನೀರಿನದು.

ಇಷ್ಟಾಗಿಯೂ ಮಗು ವಾಂತಿ ಮಾಡಿಕೊಂಡರೆ ಓಆರ್‌ಎಸ್ ಕೊಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಎಂದು ಬರೆದಿರುವ ಪುಡಿಯನ್ನೇ ಕೇಳಿ. ಸಿಹಿ ಪಾನೀಯದ ಡಬ್ಬ ಬೇಡ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಪೊಟ್ಟಣ. ಅರ್ಧ ಲೋಟಕ್ಕೆ ಅಂದಾಜಿನ ಪುಡಿ ಹಾಕಬಾರದು. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಗಂಟೆಗಟ್ಟಲೆ ಮೂತ್ರ ಹೋಗದಿದ್ದರೆ, ವಾಂತಿಯಲ್ಲೋ ಬೇಧಿಯಲ್ಲೋ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಹೊರಡುವಾಗ ಡಬ್ಬಿಯನ್ನು ತೊಳೆಯದೆ ಜೊತೆಗೆ ತೆಗೆದುಕೊಳ್ಳಿ. ಯಾವಾಗ ಕಟ್ಟಿದ್ದು, ಯಾವಾಗ ತಿಂದದ್ದು ಎಂದೇ ವೈದ್ಯರು ಮೊದಲು ಕೇಳುತ್ತಾರೆ. ಮೊದಲನೆಯದರ ಉತ್ತರ ಮುಚ್ಚಳದ ಮೇಲೆಯೇ ಇರುತ್ತದೆ.