ಪದ ಪರಿಚಯ: ಪ್ರೀ-ಸೀಸನ್ ಫಾರ್ಮ್

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಅಭಿಮಾನಿಗಳು ಪ್ರತಿ ವರ್ಷ ಫೆಬ್ರವರಿಯಲ್ಲಿ ಬಳಸತೊಡಗಿ ಏಪ್ರಿಲ್ ಹೊತ್ತಿಗೆ ಕೈಬಿಡುವ ಪದ 'ಪ್ರೀ-ಸೀಸನ್ ಫಾರ್ಮ್'. ಈ ಆಟದ ಅತ್ಯುನ್ನತ ಲೀಗಾದ ಎಎಫ್‌ಎಲ್ ಮಾರ್ಚ್‌ನಲ್ಲಿ ಆರಂಭವಾಗುವುದಕ್ಕೆ ಮೊದಲು ಕ್ಲಬ್ಬುಗಳು ತಮ್ಮತಮ್ಮಲ್ಲಿ ಆಡುವ, ಅಂಕಪಟ್ಟಿಗೆ ಸೇರದ ಅಭ್ಯಾಸ ಪಂದ್ಯಗಳಲ್ಲಿ ಒಬ್ಬ ಆಟಗಾರ ತೋರಿದ ಆಟದ ಮಟ್ಟಕ್ಕೆ ಈ ಹೆಸರು. ಕ್ರಿಕೆಟ್ಟಿನಿಂದಾಗಿ 'ಫಾರ್ಮ್' ಎಂಬ ಮಾತು ಕನ್ನಡ ಓದುಗರಿಗೆ ಹೊಸದಲ್ಲವಾದರೂ, ಈ ಆಟದಲ್ಲಿ ಸೀಸನ್‌ಪೂರ್ವ ಫಾರ್ಮನ್ನು ಅಳೆಯುವ ಬಗೆ ಬೇರೆಯೇ ಇದೆ. ಬ್ಯಾಟರ್ ಫಾರ್ಮಿನಲ್ಲಿದ್ದಾನೆಯೇ ಎಂಬುದನ್ನು ಬಹುಮಟ್ಟಿಗೆ ರನ್ನುಗಳೇ ಹೇಳುತ್ತವೆ. ಫೆಬ್ರವರಿಯ ಫುಟ್‌ಬಾಲ್ ಪಂದ್ಯದಲ್ಲಿ ಅಂಕಿಗಳು ಹೇಳುವುದು ಅತಿ ಕಡಿಮೆ.

ಆಟದ ಪರಿಚಯವಿಲ್ಲದವರಿಗೆ ನಾಲ್ಕು ಮಾತು. ಮೊಟ್ಟೆಯಾಕಾರದ ಚೆಂಡು, ಅದೇ ಆಕಾರದ ವಿಶಾಲ ಮೈದಾನ, ತಂಡಕ್ಕೆ 18 ಆಟಗಾರರು, ನಾಲ್ಕು ಕ್ವಾರ್ಟರ್‌ಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ ಗೋಲು, 6 ಅಂಕ. ಅವುಗಳ ಪಕ್ಕದ ಕಂಬಗಳ ಮಧ್ಯೆ ಹೋದರೆ 'ಬಿಹೈಂಡ್', 1 ಅಂಕ. ಮೆಲ್ಬರ್ನಿನಲ್ಲಿ ಈ ಆಟದ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರಾದ ಟಾಮ್ ವಿಲ್ಸ್ ಸ್ವತಃ ಕ್ರಿಕೆಟಿಗರು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದೆಂದು ಅವರು 1858ರಲ್ಲಿ ಪತ್ರಿಕೆಗೆ ಪತ್ರ ಬರೆದರು. ಮರುವರ್ಷ ನಿಯಮಗಳು ಲಿಖಿತ ರೂಪ ಪಡೆದವು. ನಾವು ಕ್ರಿಕೆಟ್ಟಿನಿಂದಲೇ ಬಲ್ಲ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಇಂದಿಗೂ ಬೇಸಿಗೆಯಲ್ಲಿ ಕ್ರಿಕೆಟ್ಟು, ಚಳಿಗಾಲದಲ್ಲಿ ಫುಟ್‌ಬಾಲ್. ಸೀಸನ್‌ಪೂರ್ವ ಪಂದ್ಯಗಳು ಈ ಎರಡರ ಸಂಧಿಯಲ್ಲಿ, ಬೇಸಿಗೆಯ ಬಿಸಿಲು ಇನ್ನೂ ಇಳಿಯದ ದಿನಗಳಲ್ಲಿ ಬರುತ್ತವೆ.

ಅಂಕಕ್ಕೆ ಲೆಕ್ಕವಿಲ್ಲದ ಈ ಪಂದ್ಯಗಳನ್ನು ಅಭಿಮಾನಿಗಳು ಇಷ್ಟು ಆಸೆಯಿಂದ ನೋಡುವುದಕ್ಕೆ ಕಾರಣವಿದೆ. ಸೆಪ್ಟೆಂಬರ್ ಕೊನೆಯ ಗ್ರ್ಯಾಂಡ್ ಫೈನಲ್ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಕ್ಲಬ್ಬುಗಳು ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ, ನವೆಂಬರ್‌ನಲ್ಲಿ, ಕ್ಲಬ್ಬುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 'ಡ್ರಾಫ್ಟ್' ಮೂಲಕ ಹದಿನೆಂಟರ ಹರೆಯದ ಹುಡುಗರು ಸೇರುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಬರುವುದು ತರಬೇತಿ ಮೈದಾನದ ಸುದ್ದಿ ಮಾತ್ರ: ಇಂಥವನು ಎರಡು ಕಿಲೋಮೀಟರ್ ಓಟದಲ್ಲಿ ಮೊದಲಿಗನಾದ, ಇನ್ನೊಬ್ಬ ತೂಕ ಇಳಿಸಿದ, ಮತ್ತೊಬ್ಬನ ಮೊಣಕಾಲು ಚೇತರಿಸಿಕೊಂಡಿತು. ಕೇಳಿದ್ದನ್ನು ಕಣ್ಣಾರೆ ಪರೀಕ್ಷಿಸುವ ಮೊದಲ ಅವಕಾಶ ಫೆಬ್ರವರಿಯ ಪಂದ್ಯ. ಪ್ರತಿ ಅಭಿಮಾನಿಯ ಮನಸ್ಸಿನಲ್ಲೂ 'ಬೆಸ್ಟ್ 22' ಎಂಬ ಒಂದು ಪಟ್ಟಿ ಇರುತ್ತದೆ; ಮೈದಾನದ 18 ಮಂದಿಗೆ ಬೆಂಚಿನ ನಾಲ್ವರನ್ನು ಸೇರಿಸಿ ಬಂದ ಹೆಸರು ಅದು. ಪಂದ್ಯ ನೋಡುತ್ತ ಆ ಪಟ್ಟಿಯನ್ನು ತಿದ್ದುವುದೇ ಅವರಿಗೆ ಫಾರ್ಮಿನ ವಿಮರ್ಶೆ.

ಆದರೆ ಫಲಿತಾಂಶವನ್ನು ನೋಡಿ ತಿದ್ದಿದರೆ ಪಟ್ಟಿ ಕೆಡುತ್ತದೆ. 1988ರಿಂದ 2013ರವರೆಗೆ ಈ ಪಂದ್ಯಗಳು ಬರಿಯ ಅಭ್ಯಾಸವಾಗಿರದೆ ಒಂದು ಕಪ್ಪಿಗಾಗಿ ನಡೆಯುತ್ತಿದ್ದುದರಿಂದ ಅವುಗಳ ಫಲಿತಾಂಶಕ್ಕೂ ಲೀಗಿನ ಫಲಿತಾಂಶಕ್ಕೂ ಇರುವ ಸಂಬಂಧವನ್ನು ಪರಿಶೀಲಿಸಲು ಸಾಧ್ಯ. 2000ದಲ್ಲಿ ಎಸೆಂಡನ್ ಆ ಕಪ್ಪನ್ನು ಗೆದ್ದಿತು, ಬಳಿಕ ಇಡೀ ಲೀಗಿನಲ್ಲಿ ಒಂದೇ ಒಂದು ಪಂದ್ಯ ಸೋತು ಚಾಂಪಿಯನ್ ಆಯಿತು. ಐದು ವರ್ಷಗಳ ನಂತರ, 2005ರಲ್ಲಿ, ಅದೇ ಕಪ್ಪನ್ನು ಗೆದ್ದ ಕಾರ್ಲ್ಟನ್ 16 ತಂಡಗಳ ಲೀಗಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಕುಸಿಯಿತು. ಜಿಲಾಂಗ್ 2006ರಲ್ಲಿ ಕಪ್ ಗೆದ್ದು ಫೈನಲ್ಸ್ ಹಂತವನ್ನೇ ಮುಟ್ಟಲಿಲ್ಲ, 2009ರಲ್ಲಿ ಕಪ್ಪನ್ನೂ ಲೀಗನ್ನೂ ಗೆದ್ದಿತು. ಬಲಿಷ್ಠ ತಂಡ ಫೆಬ್ರವರಿಯಲ್ಲೂ ಗೆಲ್ಲಬಹುದು, ಆದರೆ ಫೆಬ್ರವರಿಯಲ್ಲಿ ಗೆದ್ದದ್ದರಿಂದ ತಂಡ ಬಲಿಷ್ಠವೆಂದು ಸಾಬೀತಾಗುವುದಿಲ್ಲ.

ಇದರ ಕಾರಣಗಳು ಆಟದ ಒಳಗೇ ಇವೆ. ಲೀಗ್ ಪಂದ್ಯದಲ್ಲಿ ಎಷ್ಟು ಬಾರಿ ಆಟಗಾರರನ್ನು ಬದಲಿಸಬಹುದು ಎಂಬುದಕ್ಕೆ ಮಿತಿಯಿದೆ, 2021ರಲ್ಲಿ ಅದನ್ನು 75ಕ್ಕೆ ಇಳಿಸಲಾಯಿತು. ದಣಿದ ಕಾಲಿನಲ್ಲಿ ಆಡಬಲ್ಲವನೇ ಅಲ್ಲಿ ನಿಲ್ಲುತ್ತಾನೆ. ಅಭ್ಯಾಸ ಪಂದ್ಯದಲ್ಲಿ ಬೆಂಚು ಉದ್ದ, ಬದಲಾವಣೆಯ ನಿಯಮ ಸಡಿಲ, ಹಾಗಾಗಿ ದಣಿವಿನ ಪರೀಕ್ಷೆಯೇ ನಡೆಯುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಚೆಂಡು ಕೈಗೆ ಚೆನ್ನಾಗಿ ಅಂಟುತ್ತದೆ. ಜುಲೈ ತಿಂಗಳಿನ ಮಳೆಯಲ್ಲಿ ಅದೇ ಚೆಂಡು ಜಾರುತ್ತದೆ. ಈ ಆಟದ ಮೈದಾನಕ್ಕೆ ನಿಗದಿತ ಅಳತೆಯೂ ಇಲ್ಲ, ಸೀಸನ್‌ಪೂರ್ವ ಪಂದ್ಯಗಳು ಹಲವು ಬಾರಿ ಹೊರವಲಯದ ಮತ್ತು ಸಣ್ಣ ಊರುಗಳ ಮೈದಾನಗಳಲ್ಲಿ ನಡೆಯುತ್ತವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಕೋಚ್ ತನ್ನ ಯೋಜನೆಯನ್ನು ಪೂರ್ತಿ ಬಿಚ್ಚಿಡುವುದಿಲ್ಲ, ಎದುರಾಳಿಯ ಪ್ರಮುಖ ಆಟಗಾರನ ಬೆನ್ನು ಬಿಡದೆ ಕಾಯುವ 'ಟ್ಯಾಗರ್'ನನ್ನು ಕಳುಹಿಸುವ ಗೋಜಿಗೂ ಸಾಮಾನ್ಯವಾಗಿ ಹೋಗುವುದಿಲ್ಲ. ಹೀಗೆ ತಡೆಯುವವರಿಲ್ಲದೆ ಸಿಕ್ಕ 30 'ಡಿಸ್ಪೋಸಲ್', ಅಂದರೆ ಒದ್ದೋ ಕೈಯಿಂದ ಗುದ್ದಿಯೋ ಚೆಂಡು ಸಾಗಿಸಿದ 30 ಸಂದರ್ಭಗಳು, ಮೇ ತಿಂಗಳಿನ 30ಕ್ಕೆ ಸಮವಲ್ಲ.

ಹಾಗಾದರೆ ಬಲ್ಲವರು ನೋಡುವುದೇನನ್ನು? ನನ್ನ ಮಟ್ಟಿಗೆ ಈ ಪದದ ನಿಜವಾದ ತಿರುಳು ಇಲ್ಲಿದೆ: ಸೀಸನ್‌ಪೂರ್ವ ಫಾರ್ಮ್ ಎಂದರೆ ಆಟಗಾರ ಎಷ್ಟು ಚೆನ್ನಾಗಿ ಆಡಿದ ಎಂಬುದಕ್ಕಿಂತ ಅವನನ್ನು ಎಲ್ಲಿ ಆಡಿಸಿದರು ಎಂಬ ಸುದ್ದಿ. ಪ್ರತಿ ಗೋಲಿನ ನಂತರ ಆಟ ಮೈದಾನದ ನಡುವಿನ ಚೌಕದಿಂದ ಮತ್ತೆ ಆರಂಭವಾಗುತ್ತದೆ, ಆಗ ಆ ಚೌಕದೊಳಗೆ ನಿಲ್ಲಲು ಪ್ರತಿ ತಂಡದಿಂದ ನಾಲ್ವರಿಗೆ ಮಾತ್ರ ಅವಕಾಶ: ಎತ್ತರಕ್ಕೆ ಹಾರಿ ಚೆಂಡನ್ನು ತಟ್ಟುವ ಒಬ್ಬ ರಕ್‌ಮನ್, ಅದನ್ನು ಹೆಕ್ಕಿ ಹೊರತರುವ ಮೂವರು ಮಿಡ್‌ಫೀಲ್ಡರ್‌ಗಳು. ಆ ಮೂರು ಸ್ಥಾನಗಳಿಗೆ ಯಾರು, ಎಷ್ಟು ಬಾರಿ ಬಂದರು ಎಂಬುದನ್ನು ಅಭಿಮಾನಿಗಳು ಬೆರಳು ಮಡಚಿ ಎಣಿಸುತ್ತಾರೆ. 'ಸೆಂಟರ್ ಬೌನ್ಸ್ ಅಟೆಂಡೆನ್ಸ್' ಎಂದೇ ಅದಕ್ಕೆ ಹೆಸರು. ಕಳೆದ ವರ್ಷ ಹಾಫ್-ಬ್ಯಾಕ್‌ನಲ್ಲಿ ನಿಂತು ರಕ್ಷಣೆ ಮಾಡುತ್ತಿದ್ದವನು ಈ ಬಾರಿ ಚೌಕದೊಳಗೆ ಮತ್ತೆ ಮತ್ತೆ ಕಾಣಿಸಿಕೊಂಡರೆ, ಅವನು ಅಂದು ಚೆಂಡನ್ನು ಹತ್ತು ಸಲ ತಪ್ಪಾಗಿ ಒದ್ದಿದ್ದರೂ ಕೋಚ್ ಅವನಿಗೆ ಹೊಸ ಜವಾಬ್ದಾರಿ ಕೊಡಲು ಯೋಚಿಸಿದ್ದಾರೆ ಎಂದು ಅರ್ಥ. ಒದೆತದ ಗುರಿ ವಾರದಿಂದ ವಾರಕ್ಕೆ ಬದಲಾಗುತ್ತದೆ; ಕೋಚಿನ ನಂಬಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ನಾಲ್ಕು ಗೋಲು ಹೊಡೆದ ಫಾರ್ವರ್ಡನ ಸುದ್ದಿಗಿಂತ ಇದು ಎಷ್ಟೋ ಹೆಚ್ಚು ಬೆಲೆಯದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಗ್ಗದ ಬೆಲೆಗೆ ಹೊಸಬರನ್ನು ಕೊಂಡು ತಂಡ ಕಟ್ಟುವ ಫ್ಯಾಂಟಸಿ ಆಟಗಾರರೂ ಈ ಎಣಿಕೆಯನ್ನೇ ಆಧಾರವಾಗಿಟ್ಟುಕೊಳ್ಳುತ್ತಾರೆ.

ಎರಡನೆಯದು ದೇಹ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದವನು ಮತ್ತೆ ಆಡಲು ಸುಮಾರು ಒಂದು ವರ್ಷ ಬೇಕಾಗುತ್ತದೆ. ಅಂಥವನು ಮರಳಿದ ಪಂದ್ಯದಲ್ಲಿ ಎಷ್ಟು ಚೆಂಡು ಹಿಡಿದ ಎಂದು ಕೇಳುವುದು ಅನ್ಯಾಯವೇ ಸರಿ. ಓಡುತ್ತಲೇ ದಿಕ್ಕು ಬದಲಿಸುವಾಗ ಅಳುಕಿದನೇ, ಮೇಲಕ್ಕೆ ಹಾರಿ 'ಮಾರ್ಕ್' ಹಿಡಿದು, ಅಂದರೆ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಕೈಯಲ್ಲಿ ಹಿಡಿದು, ಒಂಟಿ ಕಾಲಿನ ಮೇಲೆ ಇಳಿದನೇ ಎಂಬುದಷ್ಟೇ ಅಲ್ಲಿ ನೋಡಬೇಕಾದದ್ದು. ಅನುಭವಿ ಆಟಗಾರನನ್ನು ಮೂರನೆಯ ಕ್ವಾರ್ಟರ್ ಮುಗಿಯುವ ಮೊದಲೇ ಹೊರಗೆ ಕೂರಿಸಿದರೆ ಗಾಬರಿಪಡಬೇಕಿಲ್ಲ, ಅವನು ಎಷ್ಟು ನಿಮಿಷ ಆಡಬೇಕೆಂಬುದು ಮೊದಲೇ ತೀರ್ಮಾನವಾಗಿರುವುದೇ ಹೆಚ್ಚು. ತೊಡೆಯ ಹಿಂಭಾಗದ ಸ್ನಾಯುವನ್ನು (ಹ್ಯಾಮ್‌ಸ್ಟ್ರಿಂಗ್) ಹಿಡಿದುಕೊಂಡು ಹೊರಗೆ ನಡೆದವನ ಮಾತು ಬೇರೆ. ಆ ಒಂದು ದೃಶ್ಯ ಲೀಗಿನ ಮೊದಲ ವಾರಗಳ ಲೆಕ್ಕಾಚಾರವನ್ನೇ ಬುಡಮೇಲು ಮಾಡಬಲ್ಲದು.

ಹುಡುಗರ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಹಿರಿಯರು ಹೊರನಡೆದ ಕೊನೆಯ ಕ್ವಾರ್ಟರ್‌ನಲ್ಲಿ, ಎದುರಾಳಿಯೂ ಹೊಸಬರನ್ನೇ ಇಳಿಸಿರುವಾಗ, ಹದಿನೆಂಟರ ಹುಡುಗನೊಬ್ಬ ಮಿಂಚಿದರೆ ಅವನನ್ನು ಕೂಡಲೇ 'ಬೆಸ್ಟ್ 22'ಕ್ಕೆ ಸೇರಿಸುವ ಉತ್ಸಾಹ ಸಹಜವೇ, ಆದರೆ ಅದು ಅವನ ಮೇಲೆ ಹೊರಲಾರದ ಭಾರ ಹೊರಿಸುತ್ತದೆ. ಇಂಥ ಹುಡುಗನ ಆಟದಲ್ಲಿ ಹುಡುಕಬೇಕಾದದ್ದು 'ಕಂಟೆಸ್ಟೆಡ್ ಪೊಸೆಷನ್', ಅಂದರೆ ಎದುರಾಳಿಯೊಡನೆ ಮೈಗೆ ಮೈ ತಾಗಿಸಿ ಸೆಣಸಿ ಗಳಿಸಿದ ಚೆಂಡು. ಖಾಲಿ ಜಾಗದಲ್ಲಿ ಸಿಕ್ಕ ಚೆಂಡುಗಳು ಲೀಗಿನಲ್ಲಿ ಸಿಗುತ್ತವೆಂಬ ಭರವಸೆಯಿಲ್ಲ. ಮೊದಲ ಸುತ್ತಿಗೆ ಆಯ್ಕೆಯಾಗದೆ ಉಳಿದವರು ವಿಎಫ್‌ಎಲ್, ಎಸ್‌ಎಎನ್‌ಎಫ್‌ಎಲ್, ಡಬ್ಲ್ಯುಎಎಫ್‌ಎಲ್ ಎಂಬ ರಾಜ್ಯಮಟ್ಟದ ಲೀಗುಗಳಲ್ಲಿ ವಾರವಾರ ಆಡುತ್ತಾರೆ, ಏಪ್ರಿಲ್‌ನಿಂದಾಚೆಗೆ ಅವರನ್ನು ಮುಖ್ಯ ತಂಡಕ್ಕೆ ಕರೆಯುವಾಗ ಆಯ್ಕೆಗಾರರ ಮುಂದಿರುವುದು ಅಲ್ಲಿನ ಆಟವೇ.