ಇಪ್ಪತ್ತು ಬಿದ್ದಾಗ ದುಪ್ಪಟ್ಟಾಗಬೇಕಾದದ್ದು ಯಾವುದು?

ಮುಂಬಯಿಯ ಮಾಟುಂಗದ ಗೆಳೆಯರೊಬ್ಬರ ಮನೆಯಲ್ಲಿ ಭಾನುವಾರಗಳಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಸಾಹಸಿಗಳ ಪಾತ್ರ ವಹಿಸಿ ದಾಳ ಉರುಳಿಸುವ ಆಟ ಆಡಲು ಸೇರುವ ನಾವು ಐವರು ಕನ್ನಡಿಗರು ಈಚೆಗೆ ಒಂದು ಪ್ರಶ್ನೆಗಾಗಿ ಅರ್ಧ ಗಂಟೆ ಆಟ ನಿಲ್ಲಿಸಬೇಕಾಯಿತು. ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದಿತ್ತು, ಅದು 'ಕ್ರಿಟ್', ಅಂದರೆ ಸಾಧಾರಣಕ್ಕಿಂತ ಭಾರಿಯಾದ ಪೆಟ್ಟು, ಎಂಬುದರಲ್ಲಿ ತಕರಾರಿರಲಿಲ್ಲ. ಕತ್ತಿಯ ಎಂಟು ಮುಖದ ದಾಳಕ್ಕೆ ತೋಳ್ಬಲದ 4 ಸೇರಿಸಿ ಒಟ್ಟು ಮೊತ್ತವನ್ನೇ ಇಮ್ಮಡಿ ಮಾಡಬೇಕೆಂದು ಒಬ್ಬರು ವಾದಿಸಿದರೆ, ದಾಳವನ್ನಷ್ಟೇ ಎರಡು ಸಲ ಉರುಳಿಸಿ 4ನ್ನು ಒಮ್ಮೆ ಮಾತ್ರ ಸೇರಿಸಬೇಕೆಂದು ಇನ್ನೊಬ್ಬರು ಹಟ ಹಿಡಿದರು. ಚೌಕಾಬಾರದಲ್ಲಿ ಸತತ ಮೂರು ಸಲ ಗರ ಬಿದ್ದರೆ ಆಟ ಉಳಿಯುತ್ತದೆಯೋ ಸುಟ್ಟುಹೋಗುತ್ತದೆಯೋ ಎಂದು ಊರಿನ ಜಗಲಿಗಳಲ್ಲಿ ನಡೆಯುತ್ತಿದ್ದ ಜಗಳದಂತೆ ಇಲ್ಲಿಯೂ ಇಬ್ಬರೂ ತಾವು ಕಲಿತ ಆಟಕ್ಕೆ ನಿಷ್ಠರಾಗಿದ್ದರು. ಅವರು ಕಲಿತ ಆವೃತ್ತಿಗಳು ಮಾತ್ರ ಬೇರೆಯಾಗಿದ್ದವು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಪ್ರಕಟಿಸಿದಾಗ ಈ ಪ್ರಶ್ನೆಯೇ ಇರಲಿಲ್ಲ. ಯಾವ ಆಯುಧದಿಂದ ಹೊಡೆದರೂ ಪೆಟ್ಟಿನ ಪ್ರಮಾಣವನ್ನು ಸಾಮಾನ್ಯ ಆರು ಮುಖದ ದಾಳವೇ ತೀರ್ಮಾನಿಸುತ್ತಿತ್ತು. ಕಾಳಗಕ್ಕೆ 1971ರ 'ಚೈನ್‌ಮೇಲ್' ಎಂಬ ಯುದ್ಧದಾಟದ ನಿಯಮಗಳನ್ನು ಬಳಸಬಹುದೆಂಬ ಭಾವನೆಯಲ್ಲಿ ಪುಸ್ತಕ ಹೊರಟಿತ್ತು, ಇಪ್ಪತ್ತು ಮುಖದ ದಾಳದ ಪದ್ಧತಿಯನ್ನು ಅದು 'ಪರ್ಯಾಯ' ಎಂದೇ ಕರೆದಿತ್ತು.

ಮರುವರ್ಷವೇ, 1975ರಲ್ಲಿ, ಈ ಆಟದ ಪ್ರಕಾಶಕರಾದ ಟಿಎಸ್ಆರ್ ಸಂಸ್ಥೆಯಿಂದಲೇ ಬಂದ 'ಎಂಪೈರ್ ಆಫ್ ದ ಪೆಟಲ್ ಥ್ರೋನ್' ಆಟದಲ್ಲಿ 20 ಬಿದ್ದರೆ ಇಮ್ಮಡಿ ಪೆಟ್ಟು ಎಂಬ ನಿಯಮ ಕಾಣಿಸಿಕೊಂಡಿತು. ಮತ್ತೆ ಉರುಳಿಸಿದಾಗ 19 ಅಥವಾ 20 ಬಂದರೆ ಎದುರಾಳಿ ಅಲ್ಲಿಯೇ ಸತ್ತಂತೆ. ಅದನ್ನು ರಚಿಸಿದ ಎಂ. ಎ. ಆರ್. ಬಾರ್ಕರ್ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದವರು, ಉರ್ದು ಕಲಿಸುವ ಪಠ್ಯಗಳನ್ನು ಬರೆದವರು. ನಮ್ಮ ಭಾಷೆಗಳ ನಡುವೆ ಓಡಾಡಿದ ಒಬ್ಬರ ಕೈಯಿಂದ ಈ ನಿಯಮ ಬಂತೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಗೈಗ್ಯಾಕ್ಸ್ ಮಾತ್ರ ಇದನ್ನು ಒಪ್ಪಲಿಲ್ಲ. ತಮ್ಮ 1979ರ 'ಡಂಜನ್ ಮಾಸ್ಟರ್ಸ್ ಗೈಡ್'ನಲ್ಲಿ ಅವರು ಇಮ್ಮಡಿ ಪೆಟ್ಟನ್ನು ಖಂಡಿಸಿದರು. ಹಿಟ್ ಪಾಯಿಂಟ್, ಅಂದರೆ ಪಾತ್ರವೊಂದು ತಾಳಿಕೊಳ್ಳಬಲ್ಲ ಪೆಟ್ಟಿನ ಅಂಕ, ಬರೀ ರಕ್ತಮಾಂಸವಲ್ಲ, ಕೌಶಲ ಮತ್ತು ಅದೃಷ್ಟವೂ ಅದರಲ್ಲಿ ಸೇರಿದೆ ಎಂಬುದು ಅವರ ನಿಲುವಾಗಿತ್ತು. ಅಂಕಗಳು ಕರಗುತ್ತ ಬರುವುದನ್ನು ನೋಡಿ ಓಡಿಹೋಗಬೇಕೋ ನಿಲ್ಲಬೇಕೋ ಎಂದು ಆಟಗಾರ ಯೋಚಿಸಬಲ್ಲ. ಅನಿರೀಕ್ಷಿತವಾದ ಒಂದೇ ಭಾರೀ ಪೆಟ್ಟು ಆ ಆಯ್ಕೆಯನ್ನೇ ಕಸಿದುಕೊಳ್ಳುತ್ತದೆ. ಈ ವಾದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದೇ ನನ್ನ ಭಾವನೆ.

1989ರ ಎರಡನೆಯ ಆವೃತ್ತಿ ಕ್ರಿಟ್‌ಅನ್ನು ಐಚ್ಛಿಕ ನಿಯಮವಾಗಿ ಒಳಗೆ ಬಿಟ್ಟುಕೊಂಡಿತು. 2000ದ ಮೂರನೆಯ ಆವೃತ್ತಿಯಲ್ಲಿ ಅದು ಮುಖ್ಯ ನಿಯಮವಾಯಿತು: ಮೊದಲು 20, ಬಳಿಕ ಅದನ್ನು ದೃಢಪಡಿಸುವ ಇನ್ನೊಂದು ಉರುಳಿಕೆ, ಅದೂ ತಾಗಿದರೆ ಮಾಡಿಫೈಯರ್ (ತೋಳ್ಬಲದ 4ರಂತೆ ದಾಳಕ್ಕೆ ಸೇರಿಸುವ ಅಂಕ) ಸಮೇತ ಪೆಟ್ಟು ಇಮ್ಮಡಿ ಅಥವಾ ಆಯುಧಕ್ಕೆ ತಕ್ಕಂತೆ ಅದಕ್ಕೂ ಹೆಚ್ಚು. 2008ರ ನಾಲ್ಕನೆಯ ಆವೃತ್ತಿ ದಾಳದ ಗರಿಷ್ಠ ಅಂಕವನ್ನೇ ನೇರವಾಗಿ ಕೊಟ್ಟಿತು. 2014ರ ಐದನೆಯ ಆವೃತ್ತಿಯಲ್ಲಿ ದೃಢಪಡಿಸುವ ಉರುಳಿಕೆ ಹೋಯಿತು, ಪೆಟ್ಟಿನ ದಾಳಗಳೆಲ್ಲ ಎರಡು ಸಲ ಉರುಳತೊಡಗಿದವು, ಮಾಡಿಫೈಯರ್ ಒಮ್ಮೆ ಮಾತ್ರ ಸೇರುವಂತಾಯಿತು. 2022ರಲ್ಲಿ ಪರೀಕ್ಷೆಗೆ ಬಿಟ್ಟ ಕರಡೊಂದು ರಾಕ್ಷಸರಿಂದ ಕ್ರಿಟ್‌ಅನ್ನೇ ಕಿತ್ತುಕೊಂಡಿತ್ತು, ಆದರೆ ಅದು ಉಳಿಯಲಿಲ್ಲ.

ಹೀಗಾಗಿ ನಮ್ಮ ಮೇಜಿನ ಕತ್ತಿಯ ಸರಾಸರಿ ಪೆಟ್ಟು 8.5 ಆಗಿದ್ದರೆ, ಕ್ರಿಟ್ ಆದಾಗ ಅದು ಮೂರನೆಯ ಆವೃತ್ತಿಯ ಲೆಕ್ಕದಲ್ಲಿ 17, ನಾಲ್ಕನೆಯದರಲ್ಲಿ 12, ಐದನೆಯದರಲ್ಲಿ 13. ಐದನೆಯದರಲ್ಲಿ ಎರಡೂ ದಾಳಗಳಿಗೆ 1 ಬಿದ್ದರೆ ಒಟ್ಟು 6 ಆಗಿ, ಸಾಧಾರಣ ಪೆಟ್ಟಿಗಿಂತಲೂ ಕಡಿಮೆಯಾಗುತ್ತದೆ. ಆ ನಿರಾಸೆಯನ್ನು ತಪ್ಪಿಸಲು ಒಂದು ಸಾಲು ದಾಳಗಳಿಗೆ ಪೂರ್ಣ ಅಂಕ ಕೊಟ್ಟು ಇನ್ನೊಂದು ಸಾಲನ್ನು ಮಾತ್ರ ಉರುಳಿಸುವ ಹೌಸ್ ರೂಲ್ (ಆಡುವವರು ತಾವೇ ಮಾಡಿಕೊಂಡ ನಿಯಮ) ಅನೇಕ ಮೇಜುಗಳಲ್ಲಿ ರೂಢಿಯಲ್ಲಿದೆ. ನಮ್ಮಲ್ಲಿಯೂ ಮೂವರು ಅದರತ್ತ ಒಲಿದಿದ್ದರು.

ಆಗ ನಮ್ಮ ಡಿಎಂ, ಅಂದರೆ ಆಟ ನಡೆಸುವ ಡಂಜನ್ ಮಾಸ್ಟರ್, ಅದೇ ನಿಯಮವನ್ನು ಓಗರ್ ಎಂಬ ರಾಕ್ಷಸನ ದೊಣ್ಣೆಗೂ ಹಚ್ಚಿ ಕಾಗದದ ಮೇಲೆ ಲೆಕ್ಕ ತೋರಿಸಿದರು. ಎರಡು ಎಂಟು ಮುಖದ ದಾಳ, ಜೊತೆಗೆ 4. ಪುಸ್ತಕದ ಪ್ರಕಾರ ಅದರ ಕ್ರಿಟ್ ಸರಾಸರಿ 22, ಹೌಸ್ ರೂಲ್ ಪ್ರಕಾರ 29. ಮೊದಲ ಹಂತದ ಯೋಧನಿಗಿರುವುದು 12 ಹಿಟ್ ಪಾಯಿಂಟ್. ಸೊನ್ನೆಗಿಳಿದ ಮೇಲೆ ಉಳಿದ ಪೆಟ್ಟು ಅವನ ಪೂರ್ಣ ಹಿಟ್ ಪಾಯಿಂಟ್‌ನಷ್ಟಾದರೆ ತಕ್ಷಣದ ಸಾವು ಎಂದು ಐದನೆಯ ಆವೃತ್ತಿ ಹೇಳುತ್ತದೆ. 22ರಲ್ಲಿ ಉಳಿಯುವುದು 10, ಅವನು ಎಚ್ಚರ ತಪ್ಪಿ ಬೀಳುತ್ತಾನೆ, ಗೆಳೆಯರು ಬದುಕಿಸಿಕೊಳ್ಳಬಹುದು. 29ರಲ್ಲಿ ಉಳಿಯುವುದು 17, ಅಲ್ಲಿಗೆ ಅವನ ಕಥೆ ಮುಗಿಯಿತು. ಒಟ್ಟು ಮೊತ್ತ ಇಮ್ಮಡಿಯಾಗಬೇಕೆಂದು ವಾದಿಸಿದ್ದವರೇ ಆ ಕಾಗದವನ್ನು ಎರಡು ಸಲ ಓದಿ, ಪುಸ್ತಕದ ನಿಯಮವೇ ಇರಲಿ ಎಂದರು.